ಎಚ್-ಇಂಡೆಕ್ಸ್ ನೋಡಿ ಗುರುವನ್ನು ಆರಿಸಬಹುದೇ?

ಉದಗಾಂವದ ಓದುಗರೊಬ್ಬರು ಕೇಳಿದ್ದಾರೆ: ಮಗಳಿಗೆ ಮಾಹಿತಿ ವ್ಯವಸ್ಥೆಗಳ ವಿಷಯದಲ್ಲಿ ಪಿಎಚ್.ಡಿ. ಮಾಡುವಾಸೆ. ಎಚ್-ಇಂಡೆಕ್ಸ್ ಹೆಚ್ಚಿರುವ ಮಾರ್ಗದರ್ಶಕರನ್ನು ಹಿಡಿದರೆ ಸಾಕೇ?

ಸಾಲದು. ಮೊದಲು ಲೆಕ್ಕ ನೋಡೋಣ. ಒಬ್ಬರ ಐದು ಪ್ರಬಂಧಗಳನ್ನು ಇತರ ಸಂಶೋಧಕರು 90, 12, 5, 4, 2 ಸಲ ಉಲ್ಲೇಖಿಸಿದ್ದಾರೆ ಎನ್ನಿ. ನಾಲ್ಕು ಸಲವಾದರೂ ಉಲ್ಲೇಖಗೊಂಡ ಪ್ರಬಂಧಗಳು ನಾಲ್ಕು, ಎಚ್-ಇಂಡೆಕ್ಸ್ 4. ಆ 90 ನಾಳೆ 9,000 ಆದರೂ ಸೂಚ್ಯಂಕ ನಾಲ್ಕರಿಂದ ಕದಲುವುದಿಲ್ಲ. ಭೌತವಿಜ್ಞಾನಿ ಹೊರ್ಹೆ ಹಿರ್ಷ್ 2005ರಲ್ಲಿ ಕೊಟ್ಟ ಅಳತೆ ಇದು. 2013ರಲ್ಲಿ ಬೆಂಗಳೂರಿನ ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಅವರದು ನೂರು ಮುಟ್ಟಿದಾಗ ಅದು ದೊಡ್ಡ ಸುದ್ದಿಯಾಗಿತ್ತು.

ಉಲ್ಲೇಖ ಎಣಿಸುವ ವಿದ್ಯೆಯ ಮೂಲ ವಕೀಲರಲ್ಲಿದೆ. ಯಾವ ತೀರ್ಪನ್ನು ಮುಂದಿನ ಯಾವ ತೀರ್ಪು ಆಧಾರವಾಗಿ ಹಿಡಿಯಿತು ಎಂದು ತೋರಿಸುವ ಸೂಚಿಗಳು ಅಮೆರಿಕದಲ್ಲಿ 19ನೇ ಶತಮಾನದಲ್ಲೇ ಇದ್ದವು. ಅದೇ ದಾರಿಯನ್ನು ವಿಜ್ಞಾನಕ್ಕೆ ತರಬೇಕೆಂದು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಬರೆದರು. 1964ರಲ್ಲಿ ಸೂಚಿಯನ್ನೇ ಹೊರತಂದರು. ಅದಕ್ಕೂ ಮೊದಲು, 1948ರಲ್ಲೇ, ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರ ಬೇಕೆಂದು ಇಂಗ್ಲೆಂಡಿನ ಸಮ್ಮೇಳನದಲ್ಲಿ ಹೇಳಿದವರು ನಮ್ಮ ಎಸ್.ಆರ್. ರಂಗನಾಥನ್. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರೂ ಅವರೇ.

ಮಾಹಿತಿ ವ್ಯವಸ್ಥೆಗಳ ಕ್ಷೇತ್ರದಲ್ಲಿ ಎದ್ದು ಕಾಣುವ ಹೆಸರು ವಿಶ್ವನಾಥ್ ವೆಂಕಟೇಶ್. 2003ರಲ್ಲಿ ಅವರು ಮೂವರು ಸಹಲೇಖಕರೊಡನೆ ಬರೆದ ಪ್ರಬಂಧ, ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದಕ್ಕೆ ನಾಲ್ಕು ಕಾರಣ ಮುಂದಿಟ್ಟಿತು: ಪ್ರಯೋಜನ, ಸುಲಭತೆ, ಸುತ್ತಲಿನವರ ಪ್ರಭಾವ, ಅನುಕೂಲದ ಸೌಲಭ್ಯ. ಇದಕ್ಕೆ ಹತ್ತಾರು ಸಾವಿರ ಉಲ್ಲೇಖಗಳು ಬಂದಿವೆ. ಮೊಬೈಲ್ ಪಾವತಿಯಿರಲಿ, ಆನ್‌ಲೈನ್ ಪಾಠವಿರಲಿ, ಸಮೀಕ್ಷೆಗೆ ಹೊರಟವರಿಗೆ ಅದು ಸಿದ್ಧ ಸಲಕರಣೆ. ಎಲ್ಲರ ಕೈಗೆ ಒಗ್ಗುವ ಸಲಕರಣೆಗೆ ಉಲ್ಲೇಖ ಸಹಜವಾಗಿಯೇ ಹೆಚ್ಚು. ಹಾಗೆಂದು ಅದನ್ನು ರಾವ್ ಅವರ ರಸಾಯನಶಾಸ್ತ್ರದ ಜೊತೆ ತೂಗುವಂತಿಲ್ಲ. ಒಂದೊಂದು ಕ್ಷೇತ್ರದ ಉಲ್ಲೇಖದ ರೂಢಿ ಒಂದೊಂದು.

ಇನ್ನು ಇಂಪ್ಯಾಕ್ಟ್ ಫ್ಯಾಕ್ಟರ್. ನಿಮ್ಮ ಶಿರೋಳ ಸೀಮೆಯ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ದರವಾದ ಎಫ್‌ಆರ್‌ಪಿ ನಿಲ್ಲುವುದು ಕಾರ್ಖಾನೆಯ ಸರಾಸರಿ ರಿಕವರಿಯ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣದ ಮೇಲೆ. ನಿಮ್ಮ ಹೊಲದ ಕಬ್ಬು ಎಷ್ಟು ಸಿಹಿ ಎಂಬುದು ಅದರಲ್ಲಿ ಕಾಣುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಪತ್ರಿಕೆಯ ಸರಾಸರಿ: ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ಒಳ್ಳೆಯ ರಿಕವರಿಯ ಕಾರ್ಖಾನೆಗೂ ಸಪ್ಪೆ ಕಬ್ಬು ಬರುತ್ತದೆ. ದೊಡ್ಡ ಪತ್ರಿಕೆಯಲ್ಲೂ ಯಾರೂ ಮುಟ್ಟದ ಪ್ರಬಂಧಗಳಿರುತ್ತವೆ. ಈ ಸರಾಸರಿಯಿಂದ ಸಂಶೋಧಕರನ್ನು ಅಳೆಯಬೇಡಿ ಎಂದು ಸಂಶೋಧನೆಯ ಮೌಲ್ಯಮಾಪನ ಕುರಿತ 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೇ ಕೇಳಿಕೊಂಡಿದೆ.

ಮಗಳಿಗೆ ಹೇಳಿ: ಅಂಕಿ ನೋಡಿ ಪಟ್ಟಿ ಮಾಡಿಕೊಳ್ಳಲಿ, ಆದರೆ ಪ್ರಬಂಧ ಓದಿ, ಅವರ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ ಗುರುವನ್ನು ಆರಿಸಲಿ.