70 ಮಿಲಿವೋಲ್ಟ್

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನ ಬಯಲಿಗೆ ಬಂದರೆ ಕಣ್ಣು ಹಾಯುವಷ್ಟೂ ದೂರ ಸೌರಫಲಕಗಳೇ. ಈ ಊರಿನವರೂ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲಿನ ರೈತರೂ ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ ಎದ್ದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಆ ವಿದ್ಯುತ್ತು 400 ಕಿಲೋವೋಲ್ಟ್ ತಂತಿಗಳಲ್ಲಿ ಊರು ದಾಟುತ್ತದೆ. ತಂತಿಯ ಕೆಳಗೆ ಬರಿಗಾಲಲ್ಲಿ ಓಡುವ ಆರು ವರ್ಷದ ಮಗುವಿನ ಕಾಲಿನ ನರಕ್ಕೆ ಬೇಕಾದದ್ದು 70 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನ ಇಪ್ಪತ್ತರಲ್ಲೊಂದು ಪಾಲು!

ಇಷ್ಟೇನಾ ಅನ್ನುವ ಮೊದಲು ಇನ್ನೊಂದು ಲೆಕ್ಕ ನೋಡಿ. ಆ 70 ಮಿಲಿವೋಲ್ಟನ್ನು ತಡೆದು ನಿಂತ ನರಕೋಶದ ಪೊರೆಯ ದಪ್ಪ ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಮೀಟರಿನ ಲೆಕ್ಕಕ್ಕೆ ತಂದರೆ ಸುಮಾರು 1 ಕೋಟಿ ವೋಲ್ಟಿನ ಒತ್ತಡ. ಗಾಳಿಯಾದರೆ ಮೀಟರಿಗೆ 30 ಲಕ್ಷಕ್ಕೇ ಸೋತು ಕಿಡಿ ಹಾರಿಸುತ್ತದೆ.

ಸೊಂಟದ ಹತ್ತಿರದಿಂದ ಹೆಬ್ಬೆರಳವರೆಗೆ ಇಳಿಯುವ ನರತಂತು ಒಂದೇ ಒಂದು ಜೀವಕೋಶದ ಬಾಲ. ಮಗುವಿನಲ್ಲಿ ಉದ್ದ 60 ಸೆಂಟಿಮೀಟರು, ದಪ್ಪ ಮಿಲಿಮೀಟರಿನ ನೂರರಲ್ಲೊಂದು ಪಾಲು ಎಂದಿಟ್ಟುಕೊಳ್ಳಿ. ಅದನ್ನು 2 ಸೆಂಟಿಮೀಟರು ದಪ್ಪದ ಬಾವಿಹಗ್ಗದಷ್ಟು ಹಿಗ್ಗಿಸಿದರೆ ಉದ್ದ 1,200 ಮೀಟರಾಗುತ್ತದೆ. ಸಾವಿರ ಅಡಿಯ ನಾಲ್ಕು ಕೊಳವೆಬಾವಿಗಳನ್ನು ಒಂದರ ಕೆಳಗೊಂದು ಕೊರೆದಷ್ಟು ಆಳ. ತುದಿಗೆ ಬೇಕಾದ ಸರಕೆಲ್ಲ ಹೆಚ್ಚುಕಡಿಮೆ ಮೇಲಿನಿಂದಲೇ ಇಳಿಯಬೇಕು. ರಕ್ತ ಕೆಟ್ಟಾಗ ಪಾದವೇ ಮೊದಲು ಜೋಮು ಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ.

ರಕ್ತವನ್ನು ಕಾಯುವುದು ಕಿಡ್ನಿ. ಎರಡೂ ಸೇರಿ ಸುಮಾರು 20 ಲಕ್ಷ ಸೋಸುಘಟಕಗಳು; ದಿನ ತುಂಬಿ ಹುಟ್ಟಿದ ಮೇಲೆ ಹೊಸದು ಒಂದೂ ಹುಟ್ಟುವುದಿಲ್ಲ. ದೊಡ್ಡವರಲ್ಲಿ ಅವು ದಿನಕ್ಕೆ 180 ಲೀಟರು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ನರಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ 140 ಮಿಲಿಮೋಲ್, ಹೊರಗೆ 4. ಈ ಅಂತರವೇ ನರದ ಬ್ಯಾಟರಿ. ಕಿಡ್ನಿ ಸೋತು ಹೊರಗಿನ 4 ಎಂಬುದು 6 ಆದರೆ ಸಾಕು, ಬ್ಯಾಟರಿ ಇಳಿಯುತ್ತದೆ. ಸಿಡ್ನಿಯ ಸಂಶೋಧಕರಾದ ಅರುಣ್ ಕೃಷ್ಣನ್ ಮತ್ತು ಮ್ಯಾಥ್ಯೂ ಕೀರ್ನನ್ ವಯಸ್ಕ ರೋಗಿಗಳಲ್ಲಿ ಇದನ್ನು ಅಳೆದು ತೋರಿಸಿದರು: ಡಯಾಲಿಸಿಸ್‌ಗೆ ಮೊದಲು ಕುಸಿದಿದ್ದ ನರ, ಮುಗಿದ ಮೇಲೆ ಚೇತರಿಸಿಕೊಳ್ಳುತ್ತಿತ್ತು. ಪೊಟ್ಯಾಸಿಯಂ ಒಂದೇ ಅಪರಾಧಿಯಲ್ಲ, ಸೋಸದೆ ಉಳಿದ ಬೇರೆ ವಿಷಗಳ ಮೇಲೂ ಗುಮಾನಿಯಿದೆ.

ಡಯಾಲಿಸಿಸ್‌ಗೆ ಬಂದ ದೊಡ್ಡವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿಗೆ ನರದ ತೊಂದರೆ ಇರುತ್ತದೆ. ಕಾಲುರಿ, ಇರುವೆ ಹರಿದಂತೆ ಜುಮುಜುಮು ಎಂದು ಅವರು ಹೇಳಿಕೊಳ್ಳುತ್ತಾರೆ. ಮಕ್ಕಳು ಹೇಳುವುದು ಅಪರೂಪ. ನರದ ವೇಗ ಅಳೆದಾಗ ಮಾತ್ರ ಸೆಕೆಂಡಿಗೆ 50 ಮೀಟರು ಓಡಬೇಕಾದ ಸಂದೇಶ ನಿಧಾನವಾಗಿರುವುದು ಗೊತ್ತಾಗುತ್ತದೆ. ಮಕ್ಕಳ ಕಿಡ್ನಿ ವೈಫಲ್ಯಕ್ಕೆ ಹುಟ್ಟಿನಿಂದ ಬಂದ ದೋಷಗಳೇ ದೊಡ್ಡ ಕಾರಣ. ಸರಿಯಿರುವ ಪಾದ ಹೇಗಿರುತ್ತದೆಂದೇ ಅರಿಯದ ಮಗು ಏನೆಂದು ದೂರಲಿ? ನನ್ನನ್ನು ಕಲಕುವುದು ಈ ಮೌನ.

ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ, ನಿಮಿಷಕ್ಕೆ ಅರ್ಧ ಲೀಟರಿನಂತೆ, 120 ಲೀಟರು ಶುದ್ಧ ದ್ರಾವಣ ಹರಿಯಬೇಕು. ವಾರಕ್ಕೆ ಮೂರು ಸಲ. ವರ್ಷಕ್ಕೆ 18,720 ಲೀಟರು. ಪಾವಗಡದ ಅಂತರ್ಜಲದ ಕಥೆ ಎಲ್ಲರಿಗೂ ಗೊತ್ತು. ಬರಗಾಲದ ಮೇಲೆ ಫ್ಲೋರೈಡ್. ಮೈಗೆ ಸೇರಿದ ಫ್ಲೋರೈಡನ್ನು ಹೊರಹಾಕಬೇಕಾದದ್ದೂ ಅದೇ ಕಿಡ್ನಿ. ಅದು ಕೆಟ್ಟ ಮಗುವಿನ ಮೂಳೆಯಲ್ಲಿ ಫ್ಲೋರೈಡ್ ಇನ್ನೂ ಬೇಗ ಕೂರುತ್ತದೆ. ಮಕ್ಕಳ ಕಿಡ್ನಿ ವಿಭಾಗಕ್ಕೆಂದು ಬೆಂಗಳೂರಿಗೇ ಹೋದರೆ, ಹೋಗಿ ಬರುವ ದಾರಿಯನ್ನು 300 ಕಿಲೋಮೀಟರು ಎಂದೇ ಹಿಡಿಯಿರಿ. ವರ್ಷಕ್ಕೆ 156 ಸಲ, 46,800 ಕಿಲೋಮೀಟರು. ಭೂಮಿಯ ಸುತ್ತಳತೆ 40 ಸಾವಿರ. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಮಕ್ಕಳಿಗೆ ಒಗ್ಗುತ್ತದೆ. ದೂರದೂರಿನವರಿಗೆ ವೈದ್ಯರು ಅದನ್ನು ಮೊದಲೇ ಬಿಡಿಸಿ ಹೇಳಬೇಕೆಂಬುದು ನನ್ನ ಒತ್ತಾಯ.

ಕಿಡ್ನಿ ಕಸಿಯಾದ ಮೇಲೆ ಎಷ್ಟೋ ನರಗಳು ಮರಳಿ ಚುರುಕಾಗುತ್ತವೆ. ಆದರೆ ತಂತುವೇ ಸತ್ತಿದ್ದರೆ ಅದು ಮತ್ತೆ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರು. 60 ಸೆಂಟಿಮೀಟರಿಗೆ 600 ದಿನ. ಹಾಗಾಗುವ ಮುಂಚೆ ಕಂಡುಹಿಡಿಯಲು ವೈದ್ಯರ ಜೇಬಿನಲ್ಲೊಂದು ಶ್ರುತಿಕವಲು (ಟ್ಯೂನಿಂಗ್ ಫೋರ್ಕ್) ಇದ್ದರೆ ಸಾಕು. ಸೆಕೆಂಡಿಗೆ 128 ಸಲ ನಡುಗುವ ಅದರ ಬುಡವನ್ನು ಮಗುವಿನ ಹೆಬ್ಬೆರಳ ಮೂಳೆಗೆ ಒತ್ತಿ, ನಡುಕ ನಿಂತಾಗ ಹೇಳು ಪುಟ್ಟ ಎನ್ನುವುದು. ವೈದ್ಯರ ಕೈಗೆ ನಡುಕ ಇನ್ನೂ ತಿಳಿಯುತ್ತಿರುವಾಗಲೇ ಮಗು “ನಿಂತಿತು” ಎಂದರೆ, ನರದ ವೇಗ ಅಳೆಸಲು ಚೀಟಿ ಬರೆಯುವುದು.