ಸಸ್ಯಜನ್ಯ ‘ಇ’ ಜೀವಸತ್ವವೂ ಅರ್ಬುದ ರೋಗವೂ

‘ಇ’ ಜೀವಸತ್ವವೆಂಬುದು ಒಂದೇ ವಸ್ತುವಲ್ಲ. ಸಸ್ಯಗಳು ನಿರ್ಮಿಸುವ ಎಂಟು ಸಂಯುಕ್ತಗಳ ಸಮೂಹ. 1922ರಲ್ಲಿ ಅಮೆರಿಕದ ಹರ್ಬರ್ಟ್ ಇವಾನ್ಸ್ ಹಾಗೂ ಕ್ಯಾಥರೀನ್ ಬಿಷಪ್ ಇದನ್ನು ಕಂಡುಹಿಡಿದರು. ಎಂಟರಲ್ಲಿ ನಾಲ್ಕು ಟೋಕೋಫೆರಾಲ್‌ಗಳು, ನಾಲ್ಕು ಟೋಕೋಟ್ರೈಯೆನಾಲ್‌ಗಳು. ಶೇಂಗಾ, ಬಾದಾಮಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಮೊದಲನೆಯವು ಹೇರಳ. ಅಕ್ಕಿ ತೌಡಿನ ಎಣ್ಣೆ, ತಾಳೆ ಎಣ್ಣೆ, ಬಾರ್ಲಿಗಳಲ್ಲಿ ಎರಡನೆಯವೂ ಉಂಟು.

ಪ್ರಯೋಗಶಾಲೆಯಲ್ಲಿ ಗ್ಯಾಮಾ ಮತ್ತು ಡೆಲ್ಟಾ ಟೋಕೋಟ್ರೈಯೆನಾಲ್‌ಗಳು ಅರ್ಬುದ ಕೋಶಗಳ ವಿಭಜನೆಯನ್ನು ತಗ್ಗಿಸಿ, ಅವು ತಾವಾಗಿಯೇ ಸಾಯುವಂತೆ ಮಾಡಿವೆ. ಗಡ್ಡೆಯನ್ನು ಪೋಷಿಸುವ ಹೊಸ ರಕ್ತನಾಳಗಳ ಬೆಳವಣಿಗೆಯನ್ನೂ ತಡೆದಿವೆ. ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಂಠಿತವಾದ ನಿದರ್ಶನಗಳಿವೆ. ಆದರೆ ಮನುಷ್ಯ ಶರೀರದ ರೀತಿಯೇ ಬೇರೆ. ನಮ್ಮ ಯಕೃತ್ತು ಆಲ್ಫಾ ಟೋಕೋಫೆರಾಲನ್ನು ಆರಿಸಿ ಉಳಿಸಿಕೊಂಡು, ಉಳಿದ ರೂಪಗಳನ್ನು ಬೇಗನೆ ಹೊರಹಾಕುತ್ತದೆ. ಆದ್ದರಿಂದ ಪ್ರಯೋಗಶಾಲೆಯ ಫಲವು ರೋಗಿಯಲ್ಲಿಯೂ ದೊರೆಯುವುದೆಂದು ಭಾವಿಸಲಾಗದು.

ಗುಳಿಗೆಯ ವಿಷಯದಲ್ಲಿ ಎಚ್ಚರಿಕೆಯೂ ಅಗತ್ಯ. 2001ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸೆಲೆಕ್ಟ್’ ಅಧ್ಯಯನದಲ್ಲಿ 35,000ಕ್ಕೂ ಅಧಿಕ ಪುರುಷರು ಪಾಲ್ಗೊಂಡರು. ದಿನಕ್ಕೆ 400 ಯೂನಿಟ್ ಆಲ್ಫಾ ಟೋಕೋಫೆರಾಲ್ ಸೇವಿಸಿದವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವು ತಗ್ಗಲಿಲ್ಲ, ಬದಲಾಗಿ ಶೇ. 17ರಷ್ಟು ಹೆಚ್ಚಿತೆಂದು 2011ರಲ್ಲಿ ಪ್ರಕಟವಾಯಿತು. ಅಧಿಕ ಪ್ರಮಾಣದ ‘ಇ’ ಜೀವಸತ್ವವು ರಕ್ತ ಹೆಪ್ಪುಗಟ್ಟುವುದನ್ನೂ ಕುಂದಿಸುತ್ತದೆ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ ಇದು ಅಪಾಯಕರ.

ಶೇಂಗಾ, ಸೊಪ್ಪು, ಇಡಿಧಾನ್ಯ, ಹಿತಮಿತವಾದ ಎಣ್ಣೆಗಳಿರುವ ನಿತ್ಯದ ಊಟವೇ ಆರೋಗ್ಯವಂತರಿಗೆ ಸಾಮಾನ್ಯವಾಗಿ ಸಾಕು. ಅರ್ಬುದ ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ಬಂಧುಗಳು ವೈದ್ಯರನ್ನು ಕೇಳದೆ ಇಂತಹ ಗುಳಿಗೆಗಳನ್ನು ಸೇವಿಸಬಾರದು. ಅವುಗಳನ್ನು ನಂಬಿ ಚಿಕಿತ್ಸೆಯನ್ನಂತೂ ಎಂದಿಗೂ ನಿಲ್ಲಿಸಬಾರದು.