ಬದುಕಿರುವ ಕೊಂಡಿಗೆ ಮರಣಪತ್ರ

ಕೂಕಟ್‌ಪಲ್ಲಿ ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ ಆ ಹೆಸರಿನ ನಡುವೆ ಕಣ್ಣಿಗೆ ಬೀಳದ ಒಂದು ಅಕ್ಷರ ಕೂತಿರುತ್ತದೆ. ಅರ್ಧ ‘ಟ್’ ಮುಂದಿನ ‘ಪ’ವನ್ನು ಒತ್ತಾಗಿ ಎಳೆದುಕೊಳ್ಳದಂತೆ ತಡೆಯುವುದು ಅದರ ಕೆಲಸ. ಯುನಿಕೋಡ್‌ನಲ್ಲಿ ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಹೆಸರು. ತೆಗೆದುಹಾಕಿದರೆ ಹೈದರಾಬಾದಿನ ಆ ಬಡಾವಣೆ ‘ಕೂಕಟ್ಪಲ್ಲಿ’ ಆಗುತ್ತದೆ. ಓದುವವರಿಗೆ ಎರಡೂ ಒಂದೇ ಊರು, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಕಾಣದ್ದೂ ಸೇರಿ ಹೆಸರಿನಲ್ಲಿರುವ ಸಂಕೇತಗಳು 11. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್ ಬೇಕು. ವೆಬ್ ವಿಳಾಸದೊಳಗೆ ಹೋದಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಚಿಹ್ನೆಗಳಾಗಿ ಹಿಗ್ಗುತ್ತದೆ. ಲೆಕ್ಕ ಹಾಕಿ: ಒಂದು ಊರಿನ ಹೆಸರಿಗೆ 99 ಚಿಹ್ನೆ. ಕಾಣದ ಅಕ್ಷರ ಕಳೆದುಹೋದರೆ 90.

ಪುಟದ ಹೆಸರನ್ನೇ ವಿಳಾಸವಾಗಿ ಬಳಸುವ ತಾಣಗಳಲ್ಲಿ ಈ ಒಂಬತ್ತು ಚಿಹ್ನೆಗಳ ವ್ಯತ್ಯಾಸ ತಮಾಷೆಯ ಸಂಗತಿಯಲ್ಲ. ಕೊಂಡಿಗಳನ್ನು ಪರೀಕ್ಷಿಸುವ ತಂತ್ರಾಂಶವೊಂದು ‘ಕಾಣದ ಕಸ’ ಎಂದುಕೊಂಡು ಆ ಅಕ್ಷರವನ್ನು ಉದುರಿಸಿ ಪುಟವನ್ನು ಕೇಳಿತು ಎನ್ನಿ. ಅಂಥ ಪುಟವೇ ಇಲ್ಲವೆಂದು ಸರ್ವರ್ 404 ಎಂಬ ಸಂಖ್ಯೆಯ ಉತ್ತರ ಕೊಡುತ್ತದೆ, ಅದು ಹೇಳಿದ್ದು ನಿಜವೂ ಹೌದು. ತಂತ್ರಾಂಶ ‘ಮುರಿದ ಕೊಂಡಿ’ ಎಂದು ವರದಿ ಬರೆಯುತ್ತದೆ. ನೀವು ಅದೇ ಕೊಂಡಿಯನ್ನು ಒತ್ತಿದರೆ ಪುಟ ಸಲೀಸಾಗಿ ತೆರೆದುಕೊಳ್ಳುತ್ತದೆ.

ಕೂಕಟ್‌ಪಲ್ಲಿಯ ನೆನಪು ಬರಲು ಇನ್ನೊಂದು ಕಾರಣವೂ ಇದೆ. ಜೆಎನ್‌ಟಿಯು ವಿಶ್ವವಿದ್ಯಾಲಯದ ಆಸುಪಾಸು, ಕೆಪಿಎಚ್‌ಬಿ ಕಾಲೊನಿಯ ಹಾಸ್ಟೆಲುಗಳಲ್ಲಿ ಸಾಫ್ಟ್‌ವೇರ್ ಕೆಲಸ ಹುಡುಕುವವರು ತುಂಬಿದ್ದಾರೆ. ಟೆಸ್ಟಿಂಗ್ ಕಲಿಯುವವರಿಗೆ ಎಲ್ಲೆಡೆ ಮೊದಮೊದಲು ಕೊಡುವ ಅಭ್ಯಾಸಗಳಲ್ಲೊಂದು, ಸೆಲೇನಿಯಂ ಎಂಬ ಪರೀಕ್ಷಾ ತಂತ್ರಾಂಶ ಬಳಸಿ ಒಂದು ಪುಟದಲ್ಲಿರುವ ಮುರಿದ ಕೊಂಡಿಗಳನ್ನು ಪತ್ತೆಹಚ್ಚುವುದು. ಇಂಟರ್‌ವ್ಯೂನಲ್ಲೂ ಕೇಳುತ್ತಾರೆ. ಬಾಯಿಪಾಠವಾಗಿರುವ ಆ ಪ್ರೋಗ್ರಾಮಿನ ಜೀವಾಳ ಎರಡೇ ಸಾಲು. ಸರ್ವರಿಗೆ ‘ಹೆಡ್’ ಎಂಬ ವಿನಂತಿ ಕಳಿಸು. ಬಂದ ಸಂಖ್ಯೆ 400 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಂಡಿ ಮುರಿದಿದೆ ಎಂದು ಬರೆ. ಸುಳ್ಳು ವರದಿಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಎರಡು ಸಾಲಿನಲ್ಲೇ.

ಮೊದಲ ಸಾಲನ್ನು ನೋಡೋಣ. ಬ್ರೌಸರ್ ಪುಟ ತರಿಸುವಾಗ ‘ಗೆಟ್’ ಎಂದು ಕೇಳುತ್ತದೆ, ಪುಟ ಪೂರ್ತಿ ಬರುತ್ತದೆ. ‘ಹೆಡ್’ ಎಂದರೆ ಪುಟ ಬೇಡ, ಅದರ ತಲೆಬರಹದ ವಿವರ ಸಾಕು ಎಂದರ್ಥ. ಸಾವಿರಾರು ಕೊಂಡಿ ನೋಡಬೇಕಾದಾಗ ಇದು ಜಾಣ ಮಿತವ್ಯಯ. ಆದರೆ ಎಷ್ಟೋ ಸರ್ವರುಗಳನ್ನು ಕಟ್ಟಿದವರು ‘ಹೆಡ್’ಗೆ ಉತ್ತರ ಕೊಡುವ ವ್ಯವಸ್ಥೆಯನ್ನೇ ಮಾಡಿರುವುದಿಲ್ಲ. ಅಂಥವು ಈ ವಿಧಾನಕ್ಕೆ ಅನುಮತಿಯಿಲ್ಲ ಎನ್ನುವ 405 ಕಳಿಸುತ್ತವೆ, ಕೆಲವು 403, ಇನ್ನು ಕೆಲವು ಏನೂ ತೋಚದೆ 404 ಎಂದೇ ಹೇಳಿಬಿಡುತ್ತವೆ. ಪರಿಹಾರ ಸುಲಭ: ‘ಹೆಡ್’ ಸೋತರೆ ‘ಗೆಟ್’ ಕಳಿಸಿ ಮತ್ತೆ ಕೇಳಬೇಕು. ಒಳ್ಳೆಯ ತಂತ್ರಾಂಶಗಳು ಹಾಗೆಯೇ ಮಾಡುತ್ತವೆ.

ಎರಡನೆಯ ಸಾಲಿನ ತಪ್ಪು ಇನ್ನೂ ಆಳದ್ದು. 400ರ ಮೇಲಿನ ಸಂಖ್ಯೆಗಳೆಲ್ಲ ಒಂದೇ ಮಾತನ್ನು ಹೇಳುವುದಿಲ್ಲ. 404 ಎಂದರೆ ಸಿಗಲಿಲ್ಲ, 410 ಎಂದರೆ ಇತ್ತು, ಈಗ ತೆಗೆದಿದ್ದೇವೆ. ಇವೆರಡೇ ಪುಟದ ಬಗ್ಗೆ ನೇರವಾಗಿ ಮಾತನಾಡುವಂಥವು. 401 ಮತ್ತು 403 ಪುಟದ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಕೇಳಿದವರ ಬಗ್ಗೆ ಹೇಳುತ್ತವೆ. 2012ರಲ್ಲಿ ಅಧಿಕೃತವಾದ 429, ನೀನು ತೀರಾ ಬೇಗಬೇಗ ಕೇಳುತ್ತಿದ್ದೀ ಎನ್ನುವ ಗದರಿಕೆ. ಎಷ್ಟು ಹೊತ್ತು ಬಿಟ್ಟು ಬರಬೇಕೆಂಬುದನ್ನೂ ಅದರ ಜೊತೆಗೆ ತಿಳಿಸಬಹುದು. 503 ಎಂದರೆ ಸದ್ಯಕ್ಕೆ ಆಗದು. ಲಿಂಕ್ಡ್‌ಇನ್ ತಾಣವಂತೂ ಯಂತ್ರಗಳನ್ನು ಕಂಡರೆ 999 ಎಂದುಬಿಡುತ್ತದೆ. ಎಚ್‌ಟಿಟಿಪಿ ಮಾನದಂಡದಲ್ಲಿ ಅಂಥ ಸಂಖ್ಯೆಯೇ ಇಲ್ಲ.

ಯಂತ್ರವನ್ನು ಸರ್ವರ್ ಗುರುತಿಸುವುದು ಹೇಗೆ? ಪ್ರತಿ ವಿನಂತಿಯ ಜೊತೆ ‘ಯೂಸರ್ ಏಜೆಂಟ್’ ಎಂಬ ಪರಿಚಯದ ಸಾಲೊಂದು ಹೋಗುತ್ತದೆ. ಅದರಲ್ಲಿ ಪೈಥಾನ್, ಜಾವಾ ಎಂಬ ಹೆಸರಿದ್ದರೆ ಅನುಮಾನ ಶುರು. ಕುಕೀ ಇಲ್ಲ, ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ, ಸೆಕೆಂಡಿಗೆ ಹತ್ತಾರು ವಿನಂತಿ. ಅಪಾರ್ಟ್‌ಮೆಂಟಿನ ವಾಚ್‌ಮನ್ ಗುರುತಿಲ್ಲದವರಿಗೆ ಗೇಟಿನಲ್ಲೇ ‘ಅಂಥವರು ಯಾರೂ ಇಲ್ಲಿಲ್ಲ’ ಎಂದು ಹೇಳಿ ಕಳಿಸುವ ಹಾಗೆ ಸರ್ವರ್ ಕೂಡ ಮಾಡುತ್ತದೆ. ಹಾಗೆಂದು ಬ್ರೌಸರಿನ ವೇಷ ಹಾಕಿ ಒಳನುಗ್ಗುವುದು ನನಗೆ ಸರಿಕಾಣದು. ಯಾವ ಪುಟಗಳನ್ನು ಯಂತ್ರಗಳು ಮುಟ್ಟಬಾರದೆಂದು ತಾಣಗಳೇ ಹೇಳುವ ರೋಬೋಟ್ಸ್ ಕಡತವನ್ನು ಮಾರ್ಟೈನ್ ಕೋಸ್ಟರ್ 1994ರಲ್ಲಿ ಸೂಚಿಸಿದರು. ಅದು ಅಧಿಕೃತ ಮಾನದಂಡವಾದದ್ದು 2022ರಲ್ಲಿ, ಆದರೂ ನಡುವಿನ ವರ್ಷಗಳಲ್ಲಿ ಸಭ್ಯ ಯಂತ್ರಗಳು ಅದನ್ನು ಪಾಲಿಸಿಕೊಂಡೇ ಬಂದವು. ತಡೆದ ಕಡೆ ‘ಮುರಿದಿದೆ’ ಎನ್ನದೆ ‘ನೋಡಲಾಗಲಿಲ್ಲ’ ಎಂದು ಬರೆದರೆ ಸಾಕಲ್ಲ? ವರದಿಯಲ್ಲಿ ಆ ಮೂರನೆಯ ಕಲಂ ಇಲ್ಲದಿರುವುದೇ ಮುಕ್ಕಾಲು ರಗಳೆಗೆ ಮೂಲ.

ಎಲ್ಲಿಂದ ಕೇಳುತ್ತಿದ್ದೇವೆ ಎಂಬುದೂ ಉತ್ತರವನ್ನು ಬದಲಿಸುತ್ತದೆ. ನಮ್ಮ ದೇಶದ ಹಲವು ಸರ್ಕಾರಿ ತಾಣಗಳು ವಿದೇಶದಿಂದ ಬರುವ ವಿನಂತಿಗೆ ಬಾಗಿಲು ತೆರೆಯುವುದಿಲ್ಲ. ಕೊಂಡಿ ಪರೀಕ್ಷೆಯ ಸೇವೆ ಅಮೆರಿಕದ ವರ್ಜೀನಿಯಾದ ಡೇಟಾ ಸೆಂಟರಿನಿಂದ ನಡೆಯುತ್ತಿದ್ದರೆ ಅದಕ್ಕೆ ಉತ್ತರವೇ ಬಾರದೆ ಸಮಯ ಮುಗಿಯುತ್ತದೆ. ಅದೇ ಕೊಂಡಿ ಕೂಕಟ್‌ಪಲ್ಲಿಯ ಮೊಬೈಲಿನಲ್ಲಿ ತೆರೆಯುತ್ತದೆ. ಅಮೆಜಾನ್ 2022ರ ನವೆಂಬರಿನಲ್ಲಿ ಹೈದರಾಬಾದಿನಲ್ಲೇ ಕ್ಲೌಡ್ ಕೇಂದ್ರಗಳನ್ನು ತೆರೆದಿರುವುದರಿಂದ ಪರೀಕ್ಷೆಯನ್ನು ಇಲ್ಲಿಂದಲೇ ನಡೆಸಬಹುದು. ಆದರೂ ಡೇಟಾ ಸೆಂಟರಿನ ವಿಳಾಸ ಎಂಬ ಒಂದೇ ಕಾರಣಕ್ಕೆ ಕೆಲವರು ತಡೆಯುತ್ತಾರೆ.

ಪ್ರಮಾಣಪತ್ರದ್ದು ಬೇರೆಯೇ ಕಥೆ. ಸುರಕ್ಷಿತ ತಾಣವೊಂದು ತನ್ನ ಗುರುತಿನ ಜೊತೆ ಅದಕ್ಕೆ ಸಹಿ ಹಾಕಿದ ಮಧ್ಯವರ್ತಿ ಸಂಸ್ಥೆಯ ಪ್ರಮಾಣಪತ್ರವನ್ನೂ ಕಳಿಸಬೇಕು. ಎಷ್ಟೋ ಕಡೆ ಇದನ್ನು ಅಳವಡಿಸಲು ಮರೆಯುತ್ತಾರೆ. ಕ್ರೋಮ್ ಕೊರತೆಯನ್ನು ಕಂಡು ಅದನ್ನು ತಾನೇ ಹುಡುಕಿ ತರುತ್ತದೆ, ನಮಗೆ ಏನೂ ಗೊತ್ತಾಗುವುದಿಲ್ಲ. ಲಿನಕ್ಸ್ ಮೇಲೆ ಓಡುವ ಸಾಮಾನ್ಯ ಪ್ರೋಗ್ರಾಂ ಅಷ್ಟು ಕಷ್ಟಪಡದೆ ಸಂಪರ್ಕ ಕಡಿದುಕೊಳ್ಳುತ್ತದೆ. ಇಲ್ಲಿ ವರದಿ ಪೂರ್ತಿ ಸುಳ್ಳೂ ಅಲ್ಲ. ಕೊಂಡಿ ಸರಿಯಿದೆ, ಸರ್ವರಿನಲ್ಲಿ ದೋಷವಿದೆ.

ಹಾಗಾದರೆ ಅನುಮಾನ ಬಂದ ಕೊಂಡಿಯನ್ನು ಹೇಗೆ ಪರೀಕ್ಷಿಸಬೇಕು? ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಲಾಗಿನ್ ಆಗಿರುವ ಬ್ರೌಸರಿನ ಸಾಕ್ಷಿ ನಡೆಯದು. ನಿಮಗೆ ಕಾಣುವ ಕಡತ ಹೊರಗಿನವರಿಗೆ ಕಾಣದಿರಬಹುದು. ಆಮೇಲೆ ವರದಿಯಲ್ಲಿರುವ ವಿಳಾಸವನ್ನು ಪುಟದಲ್ಲಿರುವ ವಿಳಾಸದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಕೊನೆಯ ಆವರಣ ಚಿಹ್ನೆ ತುಂಡಾಗಿರುವುದು, ವಾಕ್ಯದ ಪೂರ್ಣವಿರಾಮ ವಿಳಾಸಕ್ಕೆ ಅಂಟಿಕೊಂಡಿರುವುದು ಇಲ್ಲೇ ಸಿಕ್ಕಿಬೀಳುತ್ತವೆ. 429, 503ಗಳನ್ನು ಕೆಲವು ದಿನ ಬಿಟ್ಟು ಮತ್ತೆ ಕೇಳಿ. ಇಷ್ಟೆಲ್ಲ ಯಾಕೆ ಎಂದರೆ ನಿಜವಾಗಿ ಸಾಯುವ ಕೊಂಡಿಗಳು ಕಡಿಮೆಯೇನಲ್ಲ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಸುಳ್ಳು ದೂರುಗಳ ರಾಶಿಯಲ್ಲಿ ನಿಜವಾದವು ಮುಳುಗಿಹೋದರೆ ಆ ವರದಿಯನ್ನು ಯಾರೂ ಓದುವುದಿಲ್ಲ.

ತದ್ವಿರುದ್ಧ ಸುಳ್ಳೂ ಇದೆ, ಅದು ಹೆಚ್ಚು ಕಿಲಾಡಿ. ಪುಟ ಸತ್ತಿರುತ್ತದೆ, ‘ಕ್ಷಮಿಸಿ, ಸಿಗಲಿಲ್ಲ’ ಎಂಬ ಚಂದದ ಸಂದೇಶವೂ ಕಾಣುತ್ತದೆ, ಜೊತೆಗೆ ಬರುವ ಸಂಖ್ಯೆ ಮಾತ್ರ ಎಲ್ಲ ಕ್ಷೇಮ ಎನ್ನುವ 200. ಇದನ್ನು ಹಿಡಿಯಲು ಒಂದು ಉಪಾಯ: ಆ ತಾಣದಲ್ಲಿ ಇರಲು ಸಾಧ್ಯವೇ ಇಲ್ಲದ, ಬಾಯಿಗೆ ಬಂದ ಅಕ್ಷರಗಳ ವಿಳಾಸವೊಂದನ್ನು ಬೇಕೆಂದೇ ಕೇಳುವುದು. ಅದಕ್ಕೂ 200 ಬಂದರೆ ಆ ತಾಣದ 200ಗಳನ್ನು ನಂಬುವಂತಿಲ್ಲ. ಅಲ್ಲಿ ಪುಟದ ಒಳಗಿನ ಮಾತನ್ನೇ ಓದಿ ನೋಡಬೇಕು.